ಕೆಂಪು ಕೋಟಿನ ಅಪ್ಪ, ಬಾವುಟದ ಅಕ್ಕ

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ರಾಜರಿದ್ದರು ಎಂದರೆ, ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿದ ಮೊಮ್ಮಕ್ಕಳು ನೀವು ಅದನ್ನು ಕಥೆ ಎಂದುಕೊಳ್ಳುತ್ತೀರಿ. ಕಥೆಯಲ್ಲ. ನನಗಾಗ ಏಳು ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆದರೆ ಮೈಸೂರಿನಲ್ಲಿ ಇನ್ನೂ ಮಹಾರಾಜರ ಆಳ್ವಿಕೆಯೇ ನಡೆಯುತ್ತಿತ್ತು. ಜನರೇ ಆರಿಸಿದ ಸರ್ಕಾರ ಬೇಕೆಂದು ಬೀದಿಬೀದಿಗಳಲ್ಲಿ ಮೆರವಣಿಗೆ ಹೊರಡುತ್ತಿತ್ತು.

ಅಪ್ಪ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಅಕ್ಕ ಕಾಲೇಜಿನಲ್ಲಿ ಓದುತ್ತಿದ್ದಳು. ಆ ದಿನ ಬೆಳಿಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ರಾಜರು ಅರಮನೆಯಲ್ಲಿ ಸುಖವಾಗಿರಲಿ, ಆಡಳಿತ ಮಾತ್ರ ಜನರ ಕೈಗೆ ಬರಲಿ ಎಂದಳು ಅಕ್ಕ. ಅವರ ಅನ್ನ ತಿಂದು ಹೀಗೆ ಮಾತಾಡಬಾರದು ಎಂದರು ಅಪ್ಪ.

"ಅದು ಅವರ ಅನ್ನ ಅಲ್ಲಪ್ಪ. ನೀವು ಉಸಿರು ಕಟ್ಟಿ ಊದಿ ಸಂಪಾದಿಸಿದ್ದು," ಎಂದು ಅಕ್ಕ ತಟ್ಟೆ ಬಿಟ್ಟು ಎದ್ದುಹೋದಳು.

ಮಧ್ಯಾಹ್ನ ಊರಿನಲ್ಲಿ ಗಲಾಟೆ ಎಂದು ಶಾಲೆ ಬೇಗ ಬಿಟ್ಟರು. ನನ್ನನ್ನು ಕರೆದೊಯ್ಯಲು ಅಪ್ಪ ಬ್ಯಾಂಡಿನ ಅಭ್ಯಾಸದಿಂದ ಎದ್ದು ಹಾಗೇ ಓಡಿ ಬಂದಿದ್ದರು. ಬಟ್ಟೆ ಬದಲಿಸುವುದು ನೆನಪೇ ಆಗಿರಲಿಲ್ಲ. ಜರಿ ಪೇಟ, ಕೆಂಪು ಕೋಟು, ಹೊಳೆಯುವ ಹಿತ್ತಾಳೆ ಗುಂಡಿಗಳು. ಅರಮನೆಯವರೆಂದು ದೂರದಿಂದಲೇ ಗೊತ್ತಾಗುತ್ತಿತ್ತು.

ತಿರುವಿನಲ್ಲಿ ಮೆರವಣಿಗೆ ಎದುರಾಯಿತು. ಎಲ್ಲೋ ಲಾಠಿ ಏಟು ತಿಂದು ಚದುರಿ ಬಂದ ಜನ. ಕೆಲವರ ಹಣೆಯಲ್ಲಿ ರಕ್ತವಿತ್ತು. ನೋಡನೋಡುತ್ತಿದ್ದಂತೆ ನಮ್ಮನ್ನು ಗೋಡೆಗೆ ಒತ್ತರಿಸಿದರು. ಸುತ್ತಲೂ ಬೆವರಿನ, ಧೂಳಿನ ವಾಸನೆ. ಅಪ್ಪ ನನ್ನನ್ನು ಎಷ್ಟು ಬಿಗಿಯಾಗಿ ಅವಚಿಕೊಂಡರೆಂದರೆ ಕೋಟಿನ ಗುಂಡಿ ನನ್ನ ಕೆನ್ನೆಗೆ ಒತ್ತಿ ನೋಯುತ್ತಿತ್ತು. ಅವರ ಎದೆಬಡಿತ ನನ್ನ ಕಿವಿಯೊಳಗೇ ಕೇಳುತ್ತಿತ್ತು.

"ಏ ದಸರಾ ಗೊಂಬೆ, ಪೇಟ ತೆಗಿ," ಎಂದ ಒಬ್ಬ. ಅವನ ಕೈಯಲ್ಲಿ ಕಲ್ಲಿತ್ತು. ಅಪ್ಪ ಪೇಟ ತೆಗೆಯಲಿಲ್ಲ. ಮಗು ಇದೆ, ದಾರಿ ಬಿಡಿ ಎಂದಷ್ಟೇ ಮತ್ತೆ ಮತ್ತೆ ಹೇಳಿದರು. ಕಲ್ಲು ಹಿಡಿದ ಆ ಕೈ ಮೇಲೆದ್ದಿತು. ಅದು ಇವತ್ತಿಗೂ ಕಾಣುತ್ತದೆ, ಕಣ್ಣು ಮುಚ್ಚಿದರೂ ಕಾಣುತ್ತದೆ.

ಆಗ ಜನರ ನಡುವಿನಿಂದ ನುಗ್ಗಿ ಬಂದವಳು ಅಕ್ಕ. ಅವಳೂ ಮೆರವಣಿಗೆಯಲ್ಲಿದ್ದಳು, ಕೈಯಲ್ಲಿ ಬಾವುಟವಿತ್ತು. ಬಂದವಳೇ ಅಪ್ಪನ ಮುಂದೆ ನಿಂತಳು.

"ಇವರೂ ಪ್ರಜೆನೇ ಅಣ್ಣ," ಎಂದಳು ಕಲ್ಲು ಹಿಡಿದವನಿಗೆ. "ಇವರಿಗೆ ಹೊಡೆದು ಇನ್ಯಾರಿಗೋಸ್ಕರ ಸರ್ಕಾರ ಕೇಳ್ತೀರಿ?"

ಅವನು ಅಕ್ಕನನ್ನು ನೋಡಿದ, ಬಾವುಟವನ್ನು ನೋಡಿದ. ಕೈ ಸಡಿಲಿಸಿ ಕಲ್ಲನ್ನು ಕೆಳಕ್ಕೆ ಬಿಟ್ಟ. ಜನ ಮೆಲ್ಲಗೆ ಸರಿದು ದಾರಿ ಕೊಟ್ಟರು. ಮನೆ ಸೇರುವವರೆಗೂ ಅಪ್ಪ ಪೇಟ ತೆಗೆಯಲಿಲ್ಲ, ಅಕ್ಕ ಬಾವುಟವನ್ನು ಕೆಳಗಿಳಿಸಲಿಲ್ಲ. ರಾಜರ ವಿಷಯದಲ್ಲಿ ಅವರಿಬ್ಬರೂ ಕೊನೆಯವರೆಗೂ ಒಮ್ಮತಕ್ಕೆ ಬರಲಿಲ್ಲ.

ಮುಂದೆ ಕಾಲೇಜಿನ ಪುಸ್ತಕದಲ್ಲಿ ಆ ಚಳವಳಿಯ ಬಗ್ಗೆ ಎರಡೇ ಸಾಲು ಓದಿದೆ. ಪರೀಕ್ಷೆಯಲ್ಲಿ ಆ ಎರಡು ಸಾಲು ಬರೆಯುವಾಗಲೂ ಕಲ್ಲು ಹಿಡಿದ ಆ ಕೈಯೇ ಕಣ್ಣೆದುರು ಬಂತು.

ಮೊನ್ನೆ ನೀವಿಬ್ಬರೂ ಕಾರ್ಕ್‌ನ ಡಗ್ಲಸ್ ಬಡಾವಣೆಯ ಈ ಮನೆಯ ಅಡುಗೆಮನೆಯಲ್ಲಿ ಶಾಲೆಯ ಡಿಬೇಟ್‌ಗೆ ತಯಾರಾಗುತ್ತಿದ್ದಿರಿ. ಪಕ್ಕದ ಬ್ರಿಟನ್ನಿಗೆ ರಾಜರೇ ಇರಬೇಕೋ, ನಮ್ಮ ಐರ್ಲೆಂಡಿನ ಹಾಗೆ ಅಧ್ಯಕ್ಷರು ಬೇಕೋ ಎಂದು. ಒಬ್ಬರು ಮೇಜು ಗುದ್ದಿದಿರಿ, ಇನ್ನೊಬ್ಬರು ಅದಕ್ಕಿಂತ ಜೋರಾಗಿ ಕೂಗಿದಿರಿ. ಆಮೇಲೆ ಸೋತವರು ಪಾತ್ರೆ ತೊಳೆಯಬೇಕೆಂದು ಇಬ್ಬರೂ ನಕ್ಕಿರಿ. ನಾನು ಯಾವಾಗ ಎದ್ದು ಬಂದೆನೋ ಗೊತ್ತಿಲ್ಲ, ನಿಮ್ಮಿಬ್ಬರ ತೋಳುಗಳನ್ನೂ ಹಿಡಿದುಕೊಂಡಿದ್ದೆ.

"ಅಜ್ಜಿ, ಇಟ್ಸ್ ಗ್ರ್ಯಾಂಡ್. ಏನೂ ಆಗಿಲ್ಲ, ಬರೀ ಡಿಬೇಟ್," ಎಂದಿರಿ.

ನಿಮ್ಮ ಜಗತ್ತಿನಲ್ಲಿ ಅದು ಬರೀ ಡಿಬೇಟೇ. ಹಾಗೇ ಇರಲಿ. ಆದರೂ ಹಿಡಿದ ತೋಳುಗಳನ್ನು ಬಿಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.