ಸ್ಟಾಲ್ ಎಂಬ ಪದಕ್ಕೆ ಹೋದ ಶೆಡ್

1983ರಲ್ಲಿ ನಾನು ಪೀಣ್ಯದಲ್ಲಿ ಫೋರ್ಕ್‌ಲಿಫ್ಟ್ ಗಾಡಿಗಳ ಗೇರ್‌ಬಾಕ್ಸ್ ರಿಪೇರಿ ಮಾಡುವ ಚಿಕ್ಕ ವರ್ಕ್‌ಶಾಪ್ ನಡೆಸುತ್ತಿದ್ದೆ. ಶೆಡ್ ನನ್ನದಲ್ಲ, ಟಿ. ದಾಸರಹಳ್ಳಿಯ ಮರಿಗೌಡರದು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಗೌಡರು ಸಾಲಾಗಿ ಶೆಡ್‌ಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ತ್ರೀ ಫೇಸ್ ಕರೆಂಟಿನ ಸಂಪರ್ಕವೂ ಅವರ ಹೆಸರಿನಲ್ಲೇ ಇತ್ತು. ಆಗ ಹೊಸ ಸಂಪರ್ಕ ಬೇಕೆಂದರೆ ಅರ್ಜಿ ಹಾಕಿ ಕಾಯುತ್ತಾ ಕೂರಬೇಕಿತ್ತು. ಶೆಡ್ ಹೋದರೆ ಉಕ್ಕು ಕಡೆಯುವ ನನ್ನ ಲೇತ್ ನಿಲ್ಲುತ್ತದೆ, ಲೇತ್ ನಿಂತರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ. ಇದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೇಳದೆ ಕೇಳದೆ ಒಳಗೆ ಬರುವುದು, ನಡೆಯುತ್ತಿರುವ ಕೆಲಸಕ್ಕೆ ಕೊಂಕು ತೆಗೆಯುವುದು, ಡೀಸೆಲ್ ಡಬ್ಬದ ಪಕ್ಕ ನಿಂತು ಬೀಡಿ ಹಚ್ಚುವುದು. ಬಾಯಿ ಮುಚ್ಚಿಕೊಂಡು ಸಹಿಸುತ್ತಿದ್ದೆ.

ಆ ವರ್ಷ ಅವರು ಎಲ್ಲಿಂದಲೋ ಒಂದು ಹಳೆಯ ಅಮೆರಿಕನ್ ಕಾರು ತಂದರು. ಎರಡೇ ಬಾಗಿಲು, ಮಾರುದ್ದದ ಬಾನೆಟ್, ಆಟೊಮ್ಯಾಟಿಕ್ ಗೇರ್. ವೇಗಕ್ಕೆಂದೇ ಮಾಡಿದ ಗಾಡಿ. ಆದರೆ ಅದರ ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್ನಿನ ಕ್ರ್ಯಾಂಕ್ ಮುರಿದಿತ್ತು. ಅದನ್ನು ತೆಗೆದು ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ಕೂರಿಸಿ ಎಂದು ಅಪ್ಪಣೆಯಾಯಿತು. ಅಂಥ ಗಾಡಿಗೆ ಡೀಸೆಲ್ ಹಾಕುವುದೇ ಪಾಪ ಎಂದು ನನಗೆ ಅನ್ನಿಸಿತ್ತು. ಆದರೂ ಒಪ್ಪಿಕೊಂಡೆ, ಶೆಡ್ ಅವರದಲ್ಲವೇ?

ಆಟೊಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಉಕ್ಕಿನ ಡಬ್ಬಿ ಇರುತ್ತದೆ. ಎರಡು ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಕನ್ವರ್ಟರಿನ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಅದೇ, ಗಾಳಿಯ ಬದಲು ಎಣ್ಣೆ. ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದರೆ ಇಂಜಿನ್ನಿನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತು, ಒಂದು ಮಟ್ಟದವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಆ ಮಟ್ಟಕ್ಕೆ ಸ್ಟಾಲ್ ಸ್ಪೀಡ್ ಎಂದು ಹೆಸರು. ನಿಲ್ಲುವುದು ಏರಿಕೆ, ಇಂಜಿನ್ ಅಲ್ಲ.

ಕಾರಿನ ಹಳೆಯ ಕನ್ವರ್ಟರನ್ನೇ ಡೀಸೆಲ್ ಇಂಜಿನ್ನಿಗೆ ಜೋಡಿಸಿ ನೋಡಿದೆ. ಅದು ದೊಡ್ಡ ಇಂಜಿನ್ನಿಗೆ ಮಾಡಿದ ಡಬ್ಬಿ. ಅದರ ಎಣ್ಣೆ ತಿರುಗಿಸುವುದರಲ್ಲೇ ಚಿಕ್ಕ ಇಂಜಿನ್ ಏದುಸಿರು ಬಿಟ್ಟಿತು, ಮೀಟರಿನ ಮುಳ್ಳು 1300ಕ್ಕೇ ನಿಂತಿತು. ಆ ಡೀಸೆಲ್ ಇಂಜಿನ್ನಿಗೆ ಕಸುವು ಬರುವುದೇ 2000 ದಾಟಿದ ಮೇಲೆ. ಹಾಗೆಯೇ ಬಿಟ್ಟರೆ ಗಾಡಿ ಏರು ಹತ್ತುವುದಿಲ್ಲ. ನನ್ನ ಬಳಿ ಹಾಳಾದ ಫೋರ್ಕ್‌ಲಿಫ್ಟ್ ಒಂದರ ಚಿಕ್ಕ ಕನ್ವರ್ಟರ್ ಇತ್ತು. ಅದಕ್ಕೆ ಕಾರಿನ ಗೇರ್‌ಬಾಕ್ಸಿಗೆ ಹೊಂದುವ ಹೊಸ ಹಬ್ ಕಡೆದು ಜೋಡಿಸಿದರೆ ಸ್ಟಾಲ್ 2100ರ ಹತ್ತಿರ ಬರುತ್ತದೆಂದು ಲೆಕ್ಕ ಹಾಕಿದೆ. ಎರಡು ಡಬ್ಬಿಗಳ ಮೇಲೂ ಸೀಮೆಸುಣ್ಣದಲ್ಲಿ ಬರೆದಿಟ್ಟೆ: ಸ್ಟಾಲ್ 1300, ಸ್ಟಾಲ್ 2100.

ಮರಿಗೌಡರು ಬಂದವರೇ ಅದನ್ನು ಓದಿದರು.

“ಯಾವ್ದು ಆಕ್ತೀರಾ?”

ನಾನು ಚಿಕ್ಕದನ್ನು ತೋರಿಸಿದೆ.

“ಏನ್ರೀ, ಕಮ್ಮಿ ಸ್ಟಾಲ್ ಆಗೋದು ಬುಟ್ಟು ಜಾಸ್ತಿ ಸ್ಟಾಲ್ ಆಗೋದು ಆಕ್ತೀರಾ? ಇಪ್ಪತ್ತು ವರ್ಸ ಟ್ರ್ಯಾಕ್ಟರ್ ಓಡ್ಸಿದೀನಿ. ಸ್ಟಾಲ್ ಅಂದ್ರೆ ಏನು ಅಂತ ನಂಗೊತ್ತಿಲ್ವಾ?”

ಅವರಿಗೆ ಗೊತ್ತಿದ್ದ ಸ್ಟಾಲ್ ಎಂದರೆ ಇಂಜಿನ್ ಆಫ್ ಆಗುವುದು. ನಮ್ಮ ಕಡೆ ಡ್ರೈವರ್‌ಗಳೆಲ್ಲ ಆ ಪದ ಬಳಸುವುದು ಹಾಗೆಯೇ.

“ಗೌಡ್ರೇ, ಇದು ಆ ಸ್ಟಾಲ್ ಅಲ್ಲ” ಎಂದು ಶುರುಮಾಡಿದೆ.

“ಪಾಠ ಬ್ಯಾಡ. ಕಮ್ಮಿ ಇರೋದ್ನೇ ಆಕಿ. ಇಲ್ಲಾಂದ್ರೆ ಶೆಡ್ ಖಾಲಿ ಮಾಡಿ.”

ಅಷ್ಟಕ್ಕೇ ಬಿಡಲಿಲ್ಲ. ಪೀಣ್ಯದ ಮೆಕ್ಯಾನಿಕ್ಕು ಗುಜರಿ ಸಾಮಾನು ಹಾಕಿ ಕಾರು ಕೆಡಿಸುತ್ತಿದ್ದಾನೆ ಎಂದು ದಾಸರಹಳ್ಳಿಯ ಹೋಟೆಲಿನಲ್ಲಿ ಕೂತು ಹೇಳಿದರು. ಮಾತು ನನ್ನ ಗಿರಾಕಿಗಳ ಕಿವಿಗೂ ಬಿತ್ತು. ಅಲ್ಲಿಯವರೆಗೆ ಹೆದರಿಕೆಯಿತ್ತು, ಆಮೇಲೆ ಬರೀ ಸಿಟ್ಟು. ಫೋರ್ಕ್‌ಲಿಫ್ಟಿನ ಕನ್ವರ್ಟರನ್ನೇ ಜೋಡಿಸಿ, ಬಂದು ನೋಡಿ ಎಂದು ಹೇಳಿಕಳಿಸಿದೆ.

ಗೌಡರು ಒಬ್ಬರೇ ಬರಲಿಲ್ಲ. ನನ್ನ ಮಾನ ಕಳೆಯಲು ಹೋಟೆಲಿನ ಸಂಗಡಿಗರನ್ನೂ ಕರೆತಂದಿದ್ದರು. ನಾನು ಚಕ್ರಗಳಿಗೆ ಅಡ್ಡ ಕೊಟ್ಟು, ಆರ್‌ಪಿಎಂ ಅಳೆಯುವ ಮೀಟರ್ ಜೋಡಿಸಿ, ಗೌಡರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೆ. ಬ್ರೇಕ್ ಒತ್ತಿ, ಗೇರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದೆ. ಹೆಚ್ಚು ಹೊತ್ತು ತುಳಿದರೆ ಎಣ್ಣೆ ಸುಡುತ್ತದೆ, ಕ್ಷಣದ ಕೆಲಸ. ಕಾರು ಗಡಗಡ ನಡುಗಿತು, ಮುಳ್ಳು 2100ಕ್ಕೆ ಏರಿ ನಿಂತಿತು. ಇಂಜಿನ್ ಗುಡುಗುತ್ತಲೇ ಇತ್ತು.

“ಇದೇ ಗೌಡ್ರೇ ಸ್ಟಾಲ್. ಎಲ್ಲಿ ಆಫ್ ಆಯ್ತು, ತೋರಿಸಿ” ಎಂದೆ. ಹೊರಗೆ ನಿಂತವರಿಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ.

ಗೌಡರ ಸಂಗಡಿಗರಲ್ಲೇ ಒಬ್ಬರು ಕಿಸಕ್ಕನೆ ನಕ್ಕರು. ತುಮಕೂರು ರಸ್ತೆಗೆ ಗಾಡಿ ತೆಗೆದುಕೊಂಡು ಹೋದೆವು. ಏರಿನಲ್ಲಿ ಲೋಡ್ ಲಾರಿಯ ಹಿಂದೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಟು ಸಲೀಸಾಗಿ ಹತ್ತಿಸಿದೆ. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅದು ಕೆಲಸ ಗೆದ್ದ ಸಂತೋಷವಷ್ಟೇ ಅಲ್ಲ, ಗೌಡರ ಮುಖ ನೋಡಿದ ಸಂತೋಷವೂ ಹೌದು.

ವಾಪಸು ಬಂದು ಇಳಿದ ಮೇಲೆ ಅವರು ಕೀ ಇಸಿದುಕೊಂಡರು.

“ಗಾಡಿ ಚೆನ್ನಾಗದೆ” ಎಂದರು. “ಬರೋ ತಿಂಗಳು ಶೆಡ್ ಖಾಲಿ ಮಾಡ್ಬುಡಿ.”

ತಮಾಷೆ ಎಂದುಕೊಂಡೆ. ಅಲ್ಲ. ಲೇತ್ ಬಿಚ್ಚಿ ಲಾರಿಗೆ ಏರಿಸುವಾಗ ಅವರು ಅದೇ ಕಾರಿನಲ್ಲಿ ಬಂದು, ಇಂಜಿನ್ ಆಫ್ ಮಾಡದೆ ಕೂತು ನೋಡುತ್ತಿದ್ದರು. ಹೊಸ ಜಾಗದಲ್ಲಿ ಕರೆಂಟ್ ಬರುವವರೆಗೆ ಬೇರೆಯವರ ಲೇತ್ ಮುಂದೆ ಸರದಿಗೆ ನಿಂತು ಕೆಲಸ ಮಾಡಿಸಿಕೊಂಡೆ. ಆ ದಿನಗಳ ಸಿಟ್ಟು ಇವತ್ತಿಗೂ ಆರಿಲ್ಲ.

ಇಂಜಿನ್ನಿಗೆ ತಕ್ಕ ಕನ್ವರ್ಟರ್ ಆರಿಸಬೇಕು ಎಂಬುದನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಕೆಲಸ ನನಗೆ ಕಲಿಸಿದ್ದು ಬೇರೆ: ಯಾರ ಸೂರಿನ ಕೆಳಗೆ ದುಡಿಯುತ್ತೇವೋ ಅವರ ಗಾಡಿಗೆ ಕೈ ಹಾಕಬಾರದು. ಕೆಟ್ಟರೆ ಬೈಗುಳ, ಸರಿಯಾದರೆ ಇನ್ನೂ ಕಷ್ಟ. ಆಮೇಲೆ ಎಷ್ಟೋ ಶೆಡ್ ಬದಲಿಸಿದೆ. ಯಾವ ಮಾಲೀಕರ ಸ್ಕೂಟರಿಗೂ ಒಂದು ನಟ್ಟು ಬಿಗಿದುಕೊಡಲಿಲ್ಲ.