ಬೆಲ್ಟಿಗೆ ಕಟ್ಟದ ತಂತಿಬಲೆ

ಕೃಷ್ಣಮೂರ್ತಿಪುರಂನಲ್ಲಿ ಬರೀ ರಾಮಯ್ಯ ಎಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ಮಿಲ್ಲು ರಾಮಯ್ಯ ಎನ್ನಬೇಕು. ನರಸೀಪುರದ ಕಡೆಯಿಂದ ಬಂದ ಅಪ್ಪ ಸಿದ್ದಪ್ಪಾಜಿ ಹಾಕಿದ ಹಿಟ್ಟಿನ ಮಿಲ್ಲನ್ನು ನಲವತ್ತು ವರ್ಷ ನಡೆಸಿದವರು ಅವರು. ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಕಲ್ಲು ಸವೆದಿದೆ, ನಾಳೆ ಉಳಿ ಹಿಡಿದು ಕುಟ್ಟಬೇಕು ಎಂದು ಹೇಳಿಬಿಡುತ್ತಿದ್ದರು. ಮಂಡಿ ಸೋತ ಮೇಲೆ ಮಿಲ್ಲು ಮುಚ್ಚಿ ಈಗ ಏಳು ವರ್ಷ.

ಹೆಂಡತಿ ದೇವಿರಮ್ಮ ತೀರಿಕೊಂಡಿದ್ದು ಅದೇ ಮಿಲ್ಲಿನಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ. ಓಡುತ್ತಿದ್ದ ಬೆಲ್ಟಿಗೆ ಸೆರಗು ಸಿಕ್ಕಿಕೊಂಡಿತ್ತು. ಆಗ ಮಗಳು ಪವಿತ್ರಳಿಗೆ ನಾಲ್ಕು ವರ್ಷ. ಅಮ್ಮ ಹೇಗೆ ಸತ್ತಳು ಎಂದು ಅವಳು ಕೇಳಿದಾಗಲೆಲ್ಲ ರಾಮಯ್ಯ ಹೇಳುತ್ತಿದ್ದುದು ಒಂದೇ ಮಾತು: "ಮೈಮರ್ತು ನಿಂತ್ಬುಟ್ಲು ಕಣಮ್ಮ. ಸೆರಗು ಸಿಕ್ಕಿಸ್ಕೋ ಅಂದ್ರೆ ಕೇಳ್ತಾನೇ ಇರ್ಲಿಲ್ಲ." ಹೇಳಿ ಹೇಳಿ ಅವರಿಗೇ ಅದು ನಿಜವಾಗಿಹೋಗಿತ್ತು. ಪವಿತ್ರ ಈಗ ಸರಸ್ವತಿಪುರಂನಲ್ಲಿ ಹೈಸ್ಕೂಲ್ ಮೇಡಂ. ಇವತ್ತಿಗೂ ಸೆರಗಿಗೆ ಮೂರು ಪಿನ್ನು ಹಾಕದೆ ಹೊಸ್ತಿಲು ದಾಟುವವಳಲ್ಲ.

ಹೋದ ವರ್ಷ ಸಮನ್ವಿತಾ ಎಂಬ ಹುಡುಗಿ ರಾಮಯ್ಯನವರನ್ನು ಹುಡುಕಿಕೊಂಡು ಬಂದಳು. ಮೈಸೂರಿನ ಹಿಟ್ಟಿನ ಮಿಲ್ಲುಗಳ ಚರಿತ್ರೆ ಬರೆಯುತ್ತಿದ್ದಳು. ಅದಕ್ಕಾಗಿ ದಾಖಲೆ ಕಚೇರಿಯಲ್ಲಿ ಹಳೆಯ ಲೈಸೆನ್ಸ್ ಕಡತಗಳನ್ನು ಓದುತ್ತಿದ್ದಳು. ಆಯಿಲ್ ಇಂಜಿನ್ನಿನ ಸದ್ದಿಗೆ ನಿದ್ದೆಯಿಲ್ಲವೆಂದು ಬೀದಿಯವರು ಕೊಟ್ಟ ಅರ್ಜಿ, ಮನೆಮನೆಗೆ ರಾಗಿ ಬೀಸಿಕೊಡುತ್ತಿದ್ದ ಹೆಂಗಸರು ಮಿಲ್ಲು ಬೇಡವೆಂದು ಹೆಬ್ಬೆಟ್ಟು ಒತ್ತಿದ ಕಾಗದ, ಹೀಗೆ ಏನೇನೋ ಸಿಕ್ಕಿತ್ತಂತೆ.

"ನಿಮ್ಮ ಮಿಲ್ಲಿನ ಫೈಲೂ ಇದೆ ತಾತ. ನಿಮ್ಮ ತಂದೆಯವರೇ ಬರೆದ ನಕ್ಷೆ ಇದೆ. ಬಂದು ನೋಡ್ತೀರಾ?"

ರಾಮಯ್ಯ ಮಾರನೆಯ ದಿನವೇ ಒಗೆದ ಪಂಚೆ ಉಟ್ಟು ಹೊರಟರು. ಕಡತದ ಮೊದಲ ಹಾಳೆಯಲ್ಲೇ ಅಪ್ಪನ ಸೊಟ್ಟ ಅಕ್ಷರದ ರುಜು. ಕಣ್ಣಿಗೆ ಒತ್ತಿಕೊಂಡರು. ನಕ್ಷೆಯ ಮೇಲೆ ಬೆರಳಿಟ್ಟು, ಇಲ್ಲಿ ಮೋಟಾರು, ಇಲ್ಲಿ ಕಲ್ಲು, ಇಲ್ಲಿ ಜನ ಕೂರುತ್ತಿದ್ದ ಜಗಲಿ ಎಂದು ಹುಡುಗಿಗೆ ತೋರಿಸಿದರು. ನಗುನಗುತ್ತಲೇ ಹಾಳೆ ಮಗುಚಿದರು.

ಒಳಗಿನ ಹಾಳೆಯೊಂದರಲ್ಲಿ ನೋಟೀಸು ಇತ್ತು. ಸಾವಿರದ ಒಂಬೈನೂರ ಎಂಬತ್ತೇಳು, ಜುಲೈ ಒಂಬತ್ತು. 'ಯಂತ್ರದ ಬೆಲ್ಟು ತೆರೆದಿದ್ದು ಅಪಾಯಕಾರಿಯಾಗಿರುತ್ತದೆ. ಹದಿನೈದು ದಿನಗಳೊಳಗಾಗಿ ತಂತಿಬಲೆಯ ಮರೆ ಕಟ್ಟತಕ್ಕದ್ದು.' ಕೆಳಗೆ, ಓದಿಕೊಂಡಿದ್ದೇನೆ ಎಂಬ ಸಾಲು. ಅದರ ಕೆಳಗೆ ಎಸ್. ರಾಮಯ್ಯ.

ದೇವಿರಮ್ಮ ಹೋಗಿದ್ದು ಆ ವರ್ಷದ ಆಯುಧಪೂಜೆಯ ಹಿಂದಿನ ವಾರ. ನೋಟೀಸಿಗೆ ರುಜು ಹಾಕಿ ಆಗಲೇ ಎರಡೂವರೆ ತಿಂಗಳು ಕಳೆದಿತ್ತು.

"ತಾತ, ನೀರು ಕುಡೀತೀರಾ?" ಎಂದಳು ಸಮನ್ವಿತಾ. ಅವಳಿಗೆ ಏನೂ ಗೊತ್ತಿರಲಿಲ್ಲ.

"ಇದೊಂದು ಜೆರಾಕ್ಸ್ ಬೇಕು ಕಣಮ್ಮ," ಎಂದರು ರಾಮಯ್ಯ.

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ. ಆಟೋ ಹಿಡಿದು ನೇರ ಮಗಳ ಮನೆಗೆ ಹೋದರು. ದಾರಿಯಲ್ಲಿ ಇನ್ನೊಂದು ಸಂಗತಿಯೂ ನೆನಪಾಯಿತು. ಅದನ್ನು ಮಾತ್ರ ಹೇಳಲಾರೆ ಎಂದುಕೊಂಡರು. ಸ್ಕೂಲಿನಿಂದ ಆಗ ತಾನೇ ಬಂದಿದ್ದ ಪವಿತ್ರಳ ಕೈಗೆ ಹಾಳೆ ಕೊಟ್ಟು ನಿಂತೇ ಇದ್ದರು.

ಅವಳು ಎರಡು ಸಲ ಓದಿದಳು.

"ಇದು ನಿನ್ ಸೈನಾ?"

"ನಂದೇ."

"ಯಾಕಪ್ಪ ಕಟ್ಟಿಸ್ಲಿಲ್ಲ?"

"ಹಬ್ಬದ ಸೀಜನ್ನು. ತಂತಿಬಲೆ ಕಟ್ಸೋಕೆ ಎರಡು ದಿನ ಮಿಲ್ಲು ನಿಲ್ಲಿಸ್ಬೇಕಿತ್ತು. ಹಬ್ಬ ಕಳೀಲಿ ಅಂದ್ಕೊಂಡೆ."

ಪವಿತ್ರ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಹತ್ತನೇ ಕ್ಲಾಸಲ್ಲಿ ಸ್ಕೂಲಿಗೆ ಎಲ್ರ ಅಮ್ಮಂದಿರೂ ಬಂದಿದ್ದ ದಿನ, ಮನೆಗ್ಬಂದು ಅಮ್ಮನ ಫೋಟೋ ಮುಂದೆ ನಿಂತ್ಕೊಂಡು ಬೈದಿದ್ದೆ. ಒಂದ್ ಸೆರಗು ಹಿಡ್ಕೊಳಕ್ ಆಗ್ಲಿಲ್ವಾ ನಿಂಗೆ, ನಾನು ಅಷ್ಟೊಂದು ಬೇಡ್ವಾಗಿದ್ನಾ ಅಂತ." ಬಾಗಿಲ ಕಡೆ ಕೈ ತೋರಿಸಿದಳು. "ಅಪ್ಪ, ಈಗ ಹೋಗು. ದಯವಿಟ್ಟು ಹೋಗು."

ರಾಮಯ್ಯ ಹೋದರು. ಎರಡು ತಿಂಗಳು ಮಗಳ ಫೋನು ಬರಲಿಲ್ಲ. ಆ ನಡುವೆ ಸಮನ್ವಿತಾ ಅವರ ಮಾತು ರೆಕಾರ್ಡು ಮಾಡಿಕೊಳ್ಳಲು ಬಂದಾಗ, ಅಪ್ಪನ ಕಾಲದಿಂದ ಶುರುಮಾಡಿ ಎಲ್ಲ ಹೇಳಿದರು. ಅವಳು ನಡುವೆ ಮಿಷನ್ನು ನಿಲ್ಲಿಸಿ, "ಇದು ಬೇಡ ಬಿಡಿ ತಾತ, ನಿಮ್ಮ ಮನೆ ವಿಷಯ," ಎಂದಳು.

"ಮಿಲ್ಲಿನ ವಿಷಯಾನೇ ಕಣಮ್ಮ. ಅವಳ ಹೆಸ್ರು ಬರ್ಕೋ. ತಪ್ಪು ಅವಳ್ದಲ್ಲ ಅಂತಾನೂ ಬರ್ಕೋ."

ಮಹಾಲಯಕ್ಕೆ ಎಡೆ ಇಡಲು ಪವಿತ್ರ ಬಂದಳು. ಒಬ್ಬಳೇ ಅಡಿಗೆ ಮಾಡಿದಳು. ಅಮ್ಮನಿಗೆ ಎಡೆ ಇಟ್ಟು, ಅಪ್ಪನಿಗೂ ಬಡಿಸಿ, ತಾನು ಊಟಕ್ಕೆ ಕೂರದೆ ಗೋಡೆಗೆ ಒರಗಿ ನಿಂತಳು.

"ಒಂದು ಕೇಳ್ತೀನಿ. ನಿಜ ಹೇಳು. ಆ ನೋಟೀಸು ಬಂದಿದ್ದು ಅಮ್ಮಂಗೆ ಗೊತ್ತಿತ್ತಾ?"

ರಾಮಯ್ಯ ಎಲೆಯ ಮೇಲಿದ್ದ ಕೈ ಎತ್ತಲಿಲ್ಲ. ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡರು.

"ಗೊತ್ತಿತ್ತು. ಎರಡು ಸಲ ಕೇಳಿದ್ಲು. ಮಗು ಇಲ್ಲೇ ಓಡಾಡ್ಕೊಂಡಿರತ್ತೆ, ಭಯ ಆಗತ್ತೆ, ಬೇಗ ಕಟ್ಟಿಸ್ರೀ ಅಂದಿದ್ಲು."

"ಮಗು ಅಂದ್ರೆ ನಾನು," ಎಂದಳು ಪವಿತ್ರ.

ರಾಮಯ್ಯ ಹೌದೆಂದು ತಲೆಯಾಡಿಸಿದರು. ಪವಿತ್ರ ಗೋಡೆಗೆ ಬೆನ್ನು ಜಾರಿಸುತ್ತ ನೆಲಕ್ಕೆ ಕುಸಿದು, ನಾಲ್ಕು ವರ್ಷದ ಮಗುವಿನ ಹಾಗೆ "ಅಮ್ಮಾ" ಎಂದು ಕೂಗಿ ಅತ್ತಳು. ರಾಮಯ್ಯ ಎಂಜಲು ಕೈಯಲ್ಲೇ ಎದ್ದು ಹತ್ತಿರ ಹೋದರು. ಮುಟ್ಟಲು ಧೈರ್ಯ ಸಾಲದೆ ಅಲ್ಲೇ ನಿಂತುಬಿಟ್ಟರು.