ಎರೆಹೊಲದಲ್ಲಿ ತೆಂಗು

ಮಾನ್ವಿಯಲ್ಲಿ ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋದ ವರ್ಷ ಇಲ್ಲಿನ ಒಂದು ಕಚೇರಿಯ ಗೋಡೆಗೆ ನಾನು ಬರೆದುಕೊಟ್ಟ ಚಿತ್ರವನ್ನು ನೋಡಿ ಬರೋಣವೆಂದು ಹೋದೆ. ಕುಂಟೆ ಹೊಡೆದ ಮೇಲೆ ಬಾಗಲವಾಡದ ಎರೆಹೊಲ ಕಾಣುವ ಬಗೆ ಅದು: ಬರೀ ಕಪ್ಪು ಗೆರೆಗಳು, ನಡುವೆ ಓರೆಯಾಗಿ ಒಂದು ಕೆಂಪು ಬದು. ಆಕಾಶವನ್ನು ಕೂಡ ಬರೆದಿರಲಿಲ್ಲ.

ಈಗ ಅದರ ಮೇಲೆ ಎರಡು ತೆಂಗಿನ ಮರ, ಒಂದು ಗುಡಿಸಲು, ಮುಳುಗುವ ಸೂರ್ಯ ಬಂದು ಕೂತಿದ್ದವು. ಮೂಲೆಯಲ್ಲಿ ನನ್ನ ಸಹಿ ಮಾತ್ರ ಹಾಗೇ ಇತ್ತು.

"ಬಂದವರೆಲ್ಲ, ಗ್ವಾಡಿ ಸೋರಿ ಹಿಂಗಾಗ್ಯದೇನ್ರಿ ಅಂತ ಕೇಳ್ತಿದ್ರು," ಎಂದರು ಗುಮಾಸ್ತರು. "ಬೋರ್ಡ್ ಬರಿಯೋವನ ಕಡಿಂದ ಸ್ವಲ್ಪ ಚಂದ ಮಾಡಿಸೀವಿ."

ಮೈ ಉರಿದುಹೋಯಿತು. ಜೇಬಿನಿಂದ ಮನೆಯ ಕೀಲಿಕೈ ತೆಗೆದು ಸಹಿಯನ್ನು ಕೆರೆಯತೊಡಗಿದೆ. ಯಾವುದೋ ಕಾಗದಕ್ಕಾಗಿ ಬೆಂಚಿನಲ್ಲಿ ಕಾಯುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದು ಗೋಡೆಯನ್ನು ನೋಡಿದಳು.

"ಎರಿ ಹೊಲದಾಗ ತೆಂಗು ಯಾವನು ಹಚ್ಚಿದ?"

"ಬೋರ್ಡು ಬರೆಯುವವನು. ನನ್ನದು ಹೊಲ ಮಾತ್ರ, ಈ ಹೆಸರೂ ನನ್ನದೇ," ಎಂದೆ.

"ಮತ್ತ ಹೆಸರು ಯಾಕ ಕೆರಿಯಾಕತ್ತೀರಿ ಯಪ್ಪಾ? ಗಿಡಾ ಕೆರೀರಿ."